ಶಹಾಬಾದ ಎಡಕ್ಕ ವಾಲಿತ್ತು

ಮೊಗಲಪ್ಪ ತಂದ ಡ್ರೋನು ಅಂಗೈಯಷ್ಟು.
ಶಹಾಬಾದದ ಕಲ್ಲುಖಣಿ ಅಳೆಯೋ ಮನುಷ್ಯ,
ಮೊಬೈಲ್ ತೆಗೆದು ತೋರಿಸಿದ:
ಖಣಿ, ಖಣಿಯ ನೀರು, ಆಚೆ ಕಾರ್ಖಾನಿ ಚಿಮಣಿ,
ಎಲ್ಲ ಎಡಕ್ಕ ವಾಲಿ ನಿಂತಾವ.
ನೀರೂ ವಾಲ್ಯದ, ಚೆಲ್ಲಿಲ್ಲ ಅಷ್ಟೇ.

"ಮೋಟರ್ ಬದಲಿ ಮಾಡ್ಸೀನ್ರಿ, ಪ್ರೋಗ್ರಾಮೂ ಹೊಸಾದು,
ಊರು ಇನ್ನಾ ನೆಟ್ಟಗ ನಿಲ್ಲವಲ್ದು."

ಕ್ಯಾಮೆರಾಕ್ಕ ಬೆರಳು ಹಚ್ಚಿದೆ.
ನಿದ್ದಿ ಹತ್ತಿದ ಕೂಸಿನ ತಲಿಯಂಗ ತಿರುಗಬೇಕಾದದ್ದು,
ಬಿಟ್ಟ ಕೂಡ್ಲೆ ಮತ್ತ ಎಡಕ್ಕ.
ಹಿಂದ ನೋಡಿದ್ರ, ಯಾರೋ ಹಾಕಿದ ಮೂರು ವಾಯರು,
ಹಳೇ ರೇಡಿಯೋದಾಗಿನ ಪ್ಲಾಸ್ಟಿಕ್ ವಾಯರು,
ಬೆನ್ನಿಗೆ ಮೊಣಕೈ ಕೊಟ್ಟು ಕೂತಿದ್ವು.

ಅಪ್ಪ ಹುಮನಾಬಾದ ರೋಡಿನಾಗ
ನಲವತ್ತು ವರ್ಷ ಮೋಟರಿಗೆ ತಾಮ್ರ ಸುತ್ತಿದಾಂವ.
"ತಂತಿ ಮಣಿಸಿದಂಗ ಮಣೀಬೇಕು ಅಂಬೂ,
ಮಣಿದ ಮ್ಯಾಲ ಅಲ್ಲೇ ಇರಬೇಕು.
ನೆನಪಿಲ್ಲದ್ದು ತಂತಿ ಅಲ್ಲ, ದಾರ."

ನನಗ ಬೇಕಾದದ್ದು ದಾರಾನ.
ನಿನ್ನೆ ಹ್ಯಾಂಗ ಬಾಗಿದ್ದೆ ಅನ್ನೋದು
ಇವತ್ತು ಮರೆತಿರೋದು.

ಸುಪರ್ ಮಾರ್ಕೆಟ್ಟಿನ ಸಂದಿಯಾಗ ಖಾಜಾಸಾಬನ ಅಂಗಡಿ.
ಇಲ್ಲಿ ನಂಬರು ಉಲ್ಟಾ, ದರ್ಜಿಯವರ ದಾರದ ಲೆಕ್ಕ:
ಇಪ್ಪತ್ತು ಅಂದ್ರ ದಪ್ಪ, ಬ್ಯಾಟರಿಗೆ,
ಮೂವತ್ತು ಅಂದ್ರ ಬಾರೀಕ, ಕ್ಯಾಮೆರಾಕ್ಕ.
ಎರಡು ರೀಲು ಮುಂದಿಟ್ಟ,
ಎರಡರ ಮ್ಯಾಲೂ ಸಿಲಿಕಾನ್ ಅಂತನ ಬರದದ,
ಒಂದು ಅರ್ಧ ರೇಟು.
ತುದಿ ಕತ್ತರಿಸಿ ಲೈಟರ್ ಹಿಡಿದೆ.
ಅಗ್ಗದ್ದು ಕರಗಿ ಕರೀ ಹನಿ ಉದುರಿಸಿ ನಾತ ಬಿಟ್ಟಿತು.
ಇನ್ನೊಂದು ಉರಿದು ಬೂದಿ ಆತು, ಬೆಳ್ಳಗ, ವಿಭೂತಿಯಂಗ.
ಖಾಜಾಸಾಬ ಏನೂ ಅನ್ನಲಿಲ್ಲ,
ಅಗ್ಗದ ರೀಲು ಕೌಂಟರಿನ ಕೆಳಗ ಸರಿಸಿದ.
ನಾಳೆ ಮಾರ್ತಾನ, ನನಗಲ್ಲ.

ಮನ್ಯಾಗ ಪರ್ಸಿ ಕಟ್ಟಿಯ ಅಂಚಿನಿಂದ
ಚೋಟುದ್ದ ಹೊರಗ ಬಿಟ್ಟೆ, ಹಳೇದು, ಹೊಸಾದು.
ಪ್ಲಾಸ್ಟಿಕ್ಕು ಕೈ ಚಾಚಿದ ಟ್ರಾಫಿಕ್ ಪೊಲೀಸ.
ಸಿಲಿಕಾನು ಬಸಿದ ಶಾವಿಗಿ.
ಉಗುರಿಲೆ ಸಿಪ್ಪಿ ಸುಲಿದೆ:
ತವರ ಸವರಿದ ತಾಮ್ರ, ಕೂದಲಿನಂಥ ಎಳಿ.
ಅಪ್ಪ ಚಷ್ಮಾ ಏರಿಸಿ ಎಣಿಸಿದ, ಮತ್ತೊಮ್ಮೆ ಎಣಿಸಿದ.
"ಹನ್ನೊಂದು," ಅಂದ,
ಯಾರದೋ ಮನಿ ಮಕ್ಕಳನ್ನ ಎಣಿಸಿದಂಗ.

ಮೇ ತಿಂಗಳ ಮಧ್ಯಾಹ್ನ, ಫ್ಯಾನ್ ಬಂದ್ ಮಾಡಿ ಬೆಸದೆ.
ಕಾದ ಮೊನಿ ತಾಗಿದ್ರೂ ಸಿಪ್ಪಿ ಹಿಂದ ಸರೀಲಿಲ್ಲ.
ಉಸಿರು ಬಿಟ್ರ ಸಾಕು, ಕ್ಯಾಮೆರಾ ತಿರುಗತಿತ್ತು.

ಮೂರನೇ ದಿನ ಮೊಗಲಪ್ಪ ಮತ್ತ ಬಾಗಿಲದಾಗ:
"ಊರು ನೆಟ್ಟಗ ನಿಂತಿತ್ರಿ, ಎರಡು ದಿನ.
ಈಗ ಕಣ್ಣ ಕಾಣವಲ್ದು."

ಬಿಚ್ಚಿದೆ. ಕಾರ್ಬನ್ ಚೌಕಟ್ಟಿನ ತೂತಿನಾಗ
ಆ ಮೆತ್ತನ್ನ ಸಿಪ್ಪಿ ಸೀಳಿತ್ತು,
ಎಳಿ ಹನ್ನೊಂದೂ ಹರಿದಿದ್ವು.
ಗಟ್ಟಿ ವಾಯರು ಇದ್ದಿದ್ರ ತಡೀತಿತ್ತೇನೋ.

ಅಪ್ಪ ನಗ್ತಾನ ಅಂದ್ಕೊಂಡಿದ್ದೆ.
ಅಂವ ಬೆರಳ ತುದಿ ತೂತಿನ ಸುತ್ತ ಆಡಿಸಿದ,
ಮೋಟರಿನ ಗಾಳಿಯೊಳಗ ತಾಮ್ರ ಇಳಿಸೋ ಮುಂಚೆ
ದಿನಾ ಆಡಿಸಿದಂಗ.
"ತಂತೀದು ತಪ್ಪಿಲ್ಲ," ಅಂದ.
ತನ್ನ ಡಬ್ಬಿಯಿಂದ ಇಲಿಬಾಲದಂಥ ಅರ ತೆಗೆದ,
ಹಸಿ ಅರಿವಿ ಹಾಸಿದ,
ಅಂಚು ತಿಕ್ಕಲಿಕ್ಕೆ ಕುಂತ.
ಸಂಜೀತನಕ ಕರೀ ಪುಡಿ.

ಈ ಸಲ ಮೊಗಲಪ್ಪ ಬರಲಿಲ್ಲ, ಫೋಟೋ ಕಳಿಸಿದ.
ಖಣಿಯ ನೀರು ಮಟ್ಟಸ.
ಚಿಮಣಿ ಮಾತ್ರ ಒಂಚೂರು ವಾರೆ.
ಅಪ್ಪ ಫೋನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.
"ಅದು ಕಟ್ಟಿದವರದು," ಅಂದ.